ಹೋರಿಯ ಕೊಂಬು, ಪೆನ್ಸಿಲು, ಮೇಲೊಂದು ಕ್ಯಾಮೆರಾ

ಹಳ್ಳಿಕಾರ್ ತಳಿಯ ಹೋರಿಯ ಕೊಂಬು ನೋಡುವುದಕ್ಕೆ ಸರಳ, ಬಿಡಿಸುವುದಕ್ಕೆ ಕಠಿಣ. ನೆತ್ತಿಯ ಮೇಲೆ ಎರಡೂ ಕೊಂಬು ಹತ್ತಿರ ಹತ್ತಿರವೇ ಹುಟ್ಟುತ್ತವೆ. ಅಲ್ಲಿಂದ ಹಿಂದಕ್ಕೆ ಚಾಚಿ, ಕತ್ತಿನ ಎರಡೂ ಪಕ್ಕದಲ್ಲಿ ಸಾಗಿ, ಕೊನೆಗೆ ಮೆಲ್ಲಗೆ ಮುಂದಕ್ಕೆ ಬಾಗಿ ಚೂಪಾಗುತ್ತವೆ. ಪಕ್ಕದಿಂದ ನೋಡಿದರೆ ಒಂದೇ ಗೆರೆಯಲ್ಲಿ ಮುಗಿದೀತು. ಸ್ವಲ್ಪ ಓರೆಯಾಗಿ ನಿಂತು ನೋಡಿದರೆ ಒಂದು ಕೊಂಬು ನಮ್ಮತ್ತ ಬರುತ್ತದೆ, ಇನ್ನೊಂದು ಕುತ್ತಿಗೆಯ ಆಚೆ ಅರ್ಧ ಮರೆಯಾಗುತ್ತದೆ. ನಾನು ಚಿತ್ರ ಬಿಡಿಸುವುದನ್ನು ವಿಡಿಯೋ ಮಾಡಲು ಶುರು ಮಾಡಿದ್ದೇ ಇಂಥ ತಿರುವುಗಳಿಗಾಗಿ. ಮುಗಿದ ಚಿತ್ರದಲ್ಲಿ ಕೊಂಬು ಕಾಣುತ್ತದೆ. ಕೈ ಅದನ್ನು ಎಲ್ಲಿಂದ ಹಿಡಿಯಿತು, ಕಣ್ಣು ಮೊದಲು ಏನನ್ನು ಅಳೆಯಿತು ಎಂಬುದು ಕಾಣುವುದಿಲ್ಲ. ಅದನ್ನು ಕಾಣಿಸುವ ವಿಡಿಯೋ ಬೇಕಿತ್ತು ನನಗೆ.

ನಮ್ಮ ಮನೆ ಬಸವನಗುಡಿಯಲ್ಲಿ. ಕದಲದೆ ಕೂತುಕೊಡುವ ಹೋರಿಯೊಂದು ನಡೆದು ಹೋಗುವಷ್ಟು ಹತ್ತಿರದಲ್ಲೇ ಇದೆ. ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ಬಸವಣ್ಣ ಸುಮಾರು ನಾಲ್ಕೂವರೆ ಮೀಟರ್ ಎತ್ತರ. ಮಡಿಸಿದ ಮುಂಗಾಲಿನ ಮೇಲೆ ಎದೆಯ ಭಾರ ಹೇಗೆ ಕೂರುತ್ತದೆ, ಬೆನ್ನಿನ ಗೆರೆ ಡುಬ್ಬದಿಂದ ಬಾಲದವರೆಗೆ ಹೇಗೆ ಇಳಿಯುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿ. ಆದರೆ ಶಿಲ್ಪಿ ಮೈಯನ್ನು ದುಂಡಗೆ ಮಾಡಿದ್ದಾನೆ. ಚರ್ಮದಡಿಯ ಮೂಳೆ ಎಲ್ಲೆಲ್ಲಿ ಎದ್ದು ಕಾಣುತ್ತದೆ ಎಂಬುದಕ್ಕೆ ಬದುಕಿರುವ ದನವೇ ಬೇಕು.

ಅದಕ್ಕೆ ದೊಡ್ಡಬಳ್ಳಾಪುರದ ಹತ್ತಿರ ನಡೆಯುವ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುತ್ತೇನೆ. ಚಳಿಗಾಲದ ಆ ಜಾತ್ರೆಯಲ್ಲಿ ಸಾಲಾಗಿ ಕಟ್ಟಿದ ಹಳ್ಳಿಕಾರ್ ಜೋಡಿಗಳನ್ನು ನೋಡುವುದೇ ಒಂದು ಪಾಠ. ಮೊದಲು ಒಡೆಯರನ್ನು ಕೇಳಬೇಕು: "ಯಜಮಾನ್ರೇ, ಒಸಿ ಹೊತ್ತು ಇಲ್ಲೇ ಕೂತು ಬಿಡಿಸ್ಲಾ?" ಬೇಡ ಅಂದವರು ಕಡಿಮೆ. ಒಬ್ಬ ಹಿರಿಯರು ನನ್ನ ಪುಸ್ತಕ ಇಣುಕಿ ನೋಡಿ ಹೇಳಿದ್ದು ಇವತ್ತಿಗೂ ನನಗೆ ದಾರಿ: "ಕೊಂಬು ಅಂದ್ರೆ ಬುಡ ನೋಡ್ಬೇಕು ಕಣಮ್ಮ. ಬುಡ ಎಲ್ಲಿ ಕೂತದೆ ಅಂತ ತಿಳಿದ್ರೆ ತುದಿ ತಾನಾಗೇ ಬತ್ತದೆ." ದನ ಕೊಳ್ಳುವವರ ಕಣ್ಣಿಗಿಂತ ಹರಿತವಾದ ಕಣ್ಣು ಚಿತ್ರಕಲೆಯ ತರಗತಿಯಲ್ಲಿ ನಾನು ಕಂಡಿಲ್ಲ. ಅವರು ಕಾಲು ನೋಡುತ್ತಾರೆ, ಗೊರಸು ನೋಡುತ್ತಾರೆ, ಕತ್ತಿನಡಿ ಜೋತುಬೀಳುವ ಗಂಗೆದೊಗಲಿನ ಮಡಿಕೆ ನೋಡುತ್ತಾರೆ. ಹಿಂಗಾಲಿನಲ್ಲಿ ಹಿಂದಕ್ಕೆ ಮಡಿಚಿದ ಮೊಣಕಾಲಿನಂತೆ ಕಾಣುವುದು ನಿಜಕ್ಕೂ ಹಿಮ್ಮಡಿಯ ಕೀಲು. ಮೊಣಕಾಲು ಅದಕ್ಕಿಂತ ಮೇಲೆ, ಹೊಟ್ಟೆಯ ಹತ್ತಿರ ಇದೆ. ನಾಯಿ, ಬೆಕ್ಕು, ಕುದುರೆಗೂ ಹಾಗೆಯೇ. ಇದೊಂದು ತಿಳಿದರೆ ನಾಲ್ಕು ಕಾಲಿನ ಯಾವ ಪ್ರಾಣಿಯೂ ಕಾಗದದ ಮೇಲೆ ನೆಟ್ಟಗೆ ನಿಲ್ಲುತ್ತದೆ.

ಜಾತ್ರೆಯಲ್ಲಿ ವಿಡಿಯೋ ಮಾಡುವುದಿಲ್ಲ. ಒಂದೇ ಪುಟದಲ್ಲಿ ನಾಲ್ಕೈದು ಭಂಗಿಗಳನ್ನು ಅರ್ಧರ್ಧ ಹಾಕಿಟ್ಟಿರುತ್ತೇನೆ. ಮೆಲುಕು ಹಾಕುವ ದನ ತಲೆ ತಿರುಗಿಸಿದರೂ ಮತ್ತೆ ಅದೇ ಭಂಗಿಗೆ ಬರುತ್ತದೆ, ಆಗ ಬಿಟ್ಟಲ್ಲಿಂದ ಮುಂದುವರಿಸುತ್ತೇನೆ. ಮನೆಯಲ್ಲಿ ಚಿತ್ರೀಕರಿಸುವಾಗ ಈ ಪುಟವನ್ನು ಕಾಗದದ ಪಕ್ಕದಲ್ಲೇ, ಕ್ಯಾಮೆರಾಗೆ ಕಾಣುವಂತೆ ಇಡುತ್ತೇನೆ. ಕೈ ನಿಂತಾಗ ನಾನು ಎಲ್ಲಿ ನೋಡುತ್ತಿದ್ದೇನೆ ಎಂದು ನೋಡುಗರಿಗೆ ಗೊತ್ತಾಗುವುದು ಅದರಿಂದ.

ಮನೆಯಲ್ಲಿ ಎದುರಾಗುವ ಮೊದಲ ತೊಡಕು ತೆಳು ಗೆರೆಯದು. ಮೊದಲ ಅಳತೆಯ ಗೆರೆಗಳನ್ನು ಗಟ್ಟಿ ಸೀಸದ, ತೆಳುವಾಗಿ ಬರೆಯುವ 2ಎಚ್ ಪೆನ್ಸಿಲಿನಲ್ಲಿ ಹಾಕುವುದು ವಾಡಿಕೆ. ಅವು ಕಣ್ಣಿಗೆ ಕಾಣುತ್ತವೆ, ಕ್ಯಾಮೆರಾಗೆ ಕಾಣುವುದೇ ಇಲ್ಲ. ವಿಡಿಯೋ ನೋಡಿದವರಿಗೆ ಬಿಳಿ ಹಾಳೆಯಿಂದ ಇದ್ದಕ್ಕಿದ್ದಂತೆ ಹೋರಿ ಎದ್ದು ಬಂದಂತೆ ತೋರುತ್ತದೆ. ಕಲಿಯುವವರಿಗೆ ಬೇಕಾದದ್ದೆಲ್ಲ ಆ ತೆಳು ಗೆರೆಗಳಲ್ಲೇ ಇರುತ್ತದೆ. ಹಾಗಾಗಿ ಅಳತೆಯ ಗೆರೆಗಳಿಗೆ ಕೆಂಗಂದು ಬಣ್ಣದ, ಅಳಿಸಲು ಬರುವ ಪೆನ್ಸಿಲ್ ಬಳಸುತ್ತೇನೆ. ಅದರ ಮೇಲೆ ಸೀಸದ ಪೆನ್ಸಿಲ್ ಬಂದಾಗ ಯಾವ ಗೆರೆ ಹುಡುಕಾಟದ್ದು, ಯಾವುದು ತೀರ್ಮಾನದ್ದು ಎಂದು ಪರದೆಯ ಮೇಲೂ ಬೇರೆಬೇರೆಯಾಗಿ ಕಾಣುತ್ತದೆ. ಆಮೇಲೆ ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ರಬ್ಬರಿನಿಂದ ಕೆಂಪನ್ನು ಒತ್ತಿ ಎತ್ತುತ್ತೇನೆ. ಉಜ್ಜಿದರೆ ಕಾಗದದ ಮೈ ಕೆಡುತ್ತದೆ.

ಎರಡನೆಯದು ಹೊಳಪು. ಪೆನ್ಸಿಲಿನ ಗ್ರಾಫೈಟ್ ಪದರಗಳು ಕಾಗದಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ, ಒತ್ತಿ ತೀಡಿದಷ್ಟೂ ಕನ್ನಡಿಯ ಗುಣ ಬರುತ್ತದೆ. ದೀಪ ಕ್ಯಾಮೆರಾದ ಪಕ್ಕದಲ್ಲೇ, ನೆತ್ತಿಯ ಮೇಲೆ ಇದ್ದರೆ ಚಿತ್ರದ ಅತಿ ಕಪ್ಪು ಭಾಗವೇ ಬೆಳ್ಳಗೆ ಮಿನುಗುತ್ತದೆ. ನಾನು ಬಲಗೈಯವಳು, ದೀಪವನ್ನು ಎಡಗಡೆ, ತಗ್ಗಿಸಿ, ಓರೆಯಾಗಿ ಇಡುತ್ತೇನೆ. ಕೈಯ ನೆರಳೂ ಗೆರೆಯ ಮೇಲೆ ಬೀಳುವುದಿಲ್ಲ. ಮೂತಿಯ ಕಪ್ಪು, ಕಣ್ಣಿನ ಸುತ್ತಲ ಕಪ್ಪಿಗೆ ಮೆತ್ತನೆ ಸೀಸದ 6ಬಿ ಪೆನ್ಸಿಲ್ ಬಿಟ್ಟು ಇದ್ದಿಲಿನ ಪೆನ್ಸಿಲ್ ಹಿಡಿಯುತ್ತೇನೆ. ಇದ್ದಿಲು ಹೊಳೆಯುವುದಿಲ್ಲ. ಆದರೆ ಗ್ರಾಫೈಟ್ ತುಂಬಿದ ಜಾಗದ ಮೇಲೆ ಅದು ಕೂರುವುದಿಲ್ಲ, ಆದ್ದರಿಂದ ಆ ಜಾಗಗಳನ್ನು ಮೊದಲೇ ಖಾಲಿ ಬಿಟ್ಟಿರಬೇಕು.

ದೀಪದ ಮಿಣುಕಾಟದ ಬಗ್ಗೆ ಹೇಳದಿದ್ದರೆ ಆಗದು. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, ವಿಡಿಯೋದಲ್ಲಿ ಮಾತ್ರ ಪಟ್ಟೆಪಟ್ಟೆಯಾಗಿ ಓಡುತ್ತದೆ. ಶಟರ್ ವೇಗವನ್ನು, ಅಂದರೆ ಒಂದೊಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತನ್ನು, 1/50 ಅಥವಾ 1/100 ಸೆಕೆಂಡಿಗೆ ಕಟ್ಟಿಹಾಕಿದರೆ ಹೋಗುತ್ತದೆ. ಫೋನಿನ ಜೊತೆಗೇ ಬರುವ ಕ್ಯಾಮೆರಾದಲ್ಲಿ ಆ ಆಯ್ಕೆ ಇಲ್ಲದಿದ್ದರೆ ಬೇರೆ ಆ್ಯಪ್ ಹಾಕಿಕೊಳ್ಳಬೇಕು. ಫೋಕಸ್, ಬೆಳಕಿನ ಮಟ್ಟ, ಬಿಳಿಯ ಛಾಯೆ ಮೂರನ್ನೂ ಅಲ್ಲೇ ಲಾಕ್ ಮಾಡುತ್ತೇನೆ. ಇಲ್ಲದಿದ್ದರೆ ಬಿಳಿ ಹಾಳೆಯನ್ನು ಕ್ಯಾಮೆರಾ ಬೂದು ಮಾಡುತ್ತದೆ, ಕೈ ಒಳಗೆ ಬಂದಾಗಲೆಲ್ಲ ಬೆಳಕು ಏರಿಳಿಯುತ್ತದೆ. ಕಿಟಕಿಯ ಬೆಳಕು ಚಂದ, ಆದರೆ ನಮ್ಮೂರಿನ ಮೋಡ ಗಳಿಗೆಗೊಮ್ಮೆ ಬಣ್ಣ ಬದಲಿಸುತ್ತದೆ; ನಾನು ಪರದೆ ಎಳೆದುಬಿಡುತ್ತೇನೆ. ಕಾಗದವಿಟ್ಟ ಹಲಗೆ ಎಷ್ಟು ಓರೆಯೋ ಫೋನನ್ನೂ ಅಷ್ಟೇ ಓರೆ ಮಾಡಬೇಕು, ಇಲ್ಲವಾದರೆ ಹೋರಿಯ ತಲೆ ಸಣ್ಣದಾಗಿ ಹೊಟ್ಟೆ ಉಬ್ಬಿದಂತೆ ಕಾಣುತ್ತದೆ.

ರೋಮದ ವಿಷಯಕ್ಕೆ ಅಳಿಲೇ ನನ್ನ ಗುರು. ಎದುರಿನ ಹೊಂಗೆ ಮರದಲ್ಲಿ ದಿನವಿಡೀ ಓಡಾಡುತ್ತವೆ. ಬೆನ್ನಿನ ಮೂರು ತಿಳಿ ಪಟ್ಟೆಗಳನ್ನು ಬಿಳಿ ಬಣ್ಣದಿಂದ ಹಚ್ಚುವುದು ನನಗೆ ಇಷ್ಟವಿಲ್ಲ. ಸುತ್ತಲಿನ ಕಂದನ್ನು ರೋಮದ ದಿಕ್ಕಿನಲ್ಲೇ ಎಳೆದು, ಪಟ್ಟೆಯನ್ನು ಕಾಗದದ ಬಿಳಿಯಾಗಿಯೇ ಉಳಿಸುತ್ತೇನೆ. ಮೀಸೆಗೆ ಮೊಂಡು ಸೂಜಿ ಸಾಕು. ಸೀಸ ತಾಗಿಸುವ ಮೊದಲೇ ಸೂಜಿಯಿಂದ ಕಾಗದದಲ್ಲಿ ಗೀರು ಒತ್ತಿಟ್ಟರೆ, ಆಮೇಲೆ ಮೇಲೆ ಪೆನ್ಸಿಲ್ ಆಡಿಸಿದಾಗ ಗೀರೊಳಗೆ ಸೀಸ ಇಳಿಯದೆ ಬಿಳಿ ಮೀಸೆ ಮೂಡುತ್ತದೆ. ವಿಡಿಯೋದಲ್ಲಿ ಜನ ಅತಿ ಹೆಚ್ಚು ಕೇಳುವುದು ಇದನ್ನೇ. ಗೀರು ಒತ್ತುವಾಗ ದೀಪವನ್ನು ಇನ್ನೂ ತಗ್ಗಿಸುತ್ತೇನೆ, ನೆರಳು ಬಿದ್ದರೆ ಮಾತ್ರ ಗೀರು ಕಾಣುವುದು. ಜಲವರ್ಣವಾದರೆ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪನೆಯ ಹತ್ತಿಯ ಕಾಗದ ಬೇಕು. ಮಳೆಗಾಲದಲ್ಲಿ ಒಂದು ಪದರ ಒಣಗುವಷ್ಟರಲ್ಲಿ ಅಡುಗೆಯೇ ಆಗಿರುತ್ತದೆ.

ಸಂಕಲನದಲ್ಲಿ ನನ್ನ ಹಟ ಒಂದೇ. ಎರಡು ಗಂಟೆಯ ಕೆಲಸವನ್ನು ಒಂದು ನಿಮಿಷಕ್ಕೆ ಇಳಿಸುವುದೆಂದರೆ 120 ಪಟ್ಟು ವೇಗ. ಆ ವೇಗದಲ್ಲಿ ಕೈ ಮಾತ್ರ ಕಾಣುತ್ತದೆ, ಯೋಚನೆ ಕಾಣುವುದಿಲ್ಲ. ರೋಮ ತುಂಬುವ ಉದ್ದನೆಯ ಹೊತ್ತನ್ನು ಓಡಿಸುತ್ತೇನೆ. ಕೊಂಬಿನ ಬುಡ, ಕಾಲಿನ ಕೀಲು, ಕಣ್ಣು ಈ ಮೂರನ್ನು ಇದ್ದ ವೇಗದಲ್ಲೇ ಬಿಡುತ್ತೇನೆ. ದನದ ಕಣ್ಣಿನ ಪಾಪೆ ಅಡ್ಡಕ್ಕೆ ಇರುತ್ತದೆ, ಬೆಕ್ಕಿನದು ಉದ್ದಕ್ಕೆ ಸೀಳಿದಂತೆ. ಅಡ್ಡ ಪಾಪೆಯ ಮೇಲೆ ಹೊಳಪಿನ ಚುಕ್ಕೆ ಎಲ್ಲಿ ಬಿಡಬೇಕೆಂದು ಪೆನ್ಸಿಲ್ ಎತ್ತಿ ಕೂತ ಹೊತ್ತನ್ನೂ ಕತ್ತರಿಸುವುದಿಲ್ಲ. ನೋಡುವವರಿಗೆ ಬೇಜಾರಾಗುತ್ತದೆ ಎಂದು ಹೇಳಿದವರಿದ್ದಾರೆ. ಚಿತ್ರ ಕಲಿಯುತ್ತಿರುವ ಅಕ್ಕನ ಮಗ ಹೇಳಿದ್ದು ಬೇರೆ: "ಕಣ್ಣಿನ ಭಾಗ ಓಡಿಸ್ಬೇಡ ಚಿಕ್ಕಮ್ಮ, ಅಲ್ಲೇ ನಾನು ನಿಲ್ಲಿಸಿ ನಿಲ್ಲಿಸಿ ನೋಡೋದು."

ಈಗೀಗ ಹಲಗೆಯ ಅಂಚಿಗೆ ಸಣ್ಣ ಮೈಕು ಸಿಕ್ಕಿಸುತ್ತಿದ್ದೇನೆ. ಸಂಗೀತ ಹಾಕುವುದನ್ನು ಬಿಟ್ಟಿದ್ದೇನೆ. ಒತ್ತಿ ಎಳೆದ ಗೆರೆಗೂ ಹಗುರಾಗಿ ಸವರಿದ ಗೆರೆಗೂ ಇರುವ ವ್ಯತ್ಯಾಸ ಸದ್ದಿನಲ್ಲೇ ತಿಳಿಯುತ್ತದೆ, ಬಾಯಲ್ಲಿ ವಿವರಿಸುವುದಕ್ಕಿಂತ ಚೆನ್ನಾಗಿ. ಬೆಳಗಿನ ಜಾವ ಕೂತರೆ ರಸ್ತೆಯ ಹಾರನ್ನಿನ ಕಾಟವೂ ಕಡಿಮೆ.