ಗಿಡದ ಅಕ್ವೇರಿಯಂ: ಮೊದಲ ಆರು ವಾರ ಗಮನಿಸಬೇಕಾದ್ದು

ಹೊಸ ಟ್ಯಾಂಕ್‌ನಲ್ಲಿ ಗಿಡ ಕೊಳೆಯುವುದಕ್ಕೆ ಎಷ್ಟೋ ಸಲ ನೆಟ್ಟ ರೀತಿಯೇ ಕಾರಣ. ಅನುಬಿಯಾಸ್, ಜಾವಾ ಫರ್ನ್ ಎರಡನ್ನೂ ಮರಳಲ್ಲಿ ಹೂಳಬೇಡಿ. ಎಲೆ ಹೊರಡುವ ದಪ್ಪ ಅಡ್ಡಕಾಂಡ ಮುಚ್ಚಿಹೋದರೆ ಅದು ಮೆತ್ತಗಾಗಿ ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಿದರೆ ಸಾಕು, ಬೇರು ತಾನೇ ಹಿಡಿದುಕೊಳ್ಳುತ್ತದೆ. ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾಗಳಿಗೆ 5-6 ಸೆಂ.ಮೀ. ದಪ್ಪದ ಮರಳು ಅಥವಾ ಮಣ್ಣಿನ ತಳ ಬೇಕು. ಬರೀ ಮರಳಾದರೆ ಬುಡದ ಹತ್ತಿರ ರೂಟ್ ಟ್ಯಾಬ್ (ಬೇರಿಗೆ ಕೊಡುವ ಗೊಬ್ಬರದ ಮಾತ್ರೆ) ಒತ್ತಿಡಿ.

ಕ್ರಿಪ್ಟೊಕೊರೈನ್ ನೆಟ್ಟ ಕೆಲವೇ ದಿನಕ್ಕೆ ಎಲೆಯೆಲ್ಲ ಗಾಜಿನಂತೆ ತೆಳುವಾಗಿ ಕರಗಿಹೋಗಬಹುದು. ದಯವಿಟ್ಟು ಕಿತ್ತೆಸೆಯಬೇಡಿ! ನೀರು ಬದಲಾದದ್ದಕ್ಕೆ ಹಾಗಾಗುತ್ತದೆ; ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ. ಕರಗಿದ ಎಲೆಗಳನ್ನು ಮಾತ್ರ ತೆಗೆಯಿರಿ, ಬಿಟ್ಟರೆ ಕೊಳೆತು ನೀರಲ್ಲಿ ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ.

ಲೈಟ್ ಶುರುವಿನಲ್ಲಿ ದಿನಕ್ಕೆ 6 ಗಂಟೆ ಮೀರದಿರಲಿ, ಟೈಮರ್ ಹಾಕಿ. ಗಿಡ ಇನ್ನೂ ಬೇರೂರಿರುವುದಿಲ್ಲ, ಹೆಚ್ಚಿನ ಬೆಳಕೆಲ್ಲ ಪಾಚಿಯ ಪಾಲಾಗುತ್ತದೆ. ಗಾಜಿನ ಮೇಲೆ ಕಂದು ಪುಡಿ ಕೂತರೆ ಗಾಬರಿ ಬೇಡ, ಒರೆಸಿದರಾಯಿತು. ಸಾಮಾನ್ಯವಾಗಿ ಕೆಲ ವಾರಗಳಲ್ಲಿ ತಾನೇ ಕಡಿಮೆಯಾಗುತ್ತದೆ.

ಮೀನು ಬಿಡುವ ಆತುರವೇ ದೊಡ್ಡ ಶತ್ರು. ಫಿಲ್ಟರ್‌ನಲ್ಲಿ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4-6 ವಾರ ಬೇಕು. ದಿನಗಳನ್ನು ಎಣಿಸುವುದಕ್ಕಿಂತ ಟೆಸ್ಟ್ ಕಿಟ್ ನಂಬಿ: ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಿ, ನೈಟ್ರೇಟ್ ಕಾಣಿಸಬೇಕು. ಆಮೇಲೂ ಒಮ್ಮೆಗೆ ನಾಲ್ಕೈದು ಚಿಕ್ಕ ಮೀನು ಸಾಕು.

ವಾರಕ್ಕೊಮ್ಮೆ 25-30% ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಲೇಬೇಕು. ಫಿಲ್ಟರ್ ಸ್ಪಾಂಜನ್ನು ಟ್ಯಾಂಕ್‌ನಿಂದ ತೆಗೆದ ನೀರಲ್ಲೇ ಹಿಂಡಿ. ನಲ್ಲಿಯ ಕೆಳಗೆ ತೊಳೆದರೆ ಕ್ಲೋರಿನ್ ಆ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ.