ಟಿಪ್ಪಣಿಗೆ ಮೂರು ಬಣ್ಣ ಸಾಕು

ಹಾಸನದಲ್ಲಿ ಪಿಯುಸಿ ಓದುತ್ತಿದ್ದಾಗ ನನ್ನ ಇತಿಹಾಸದ ನೋಟ್ಸಿನಷ್ಟು ಬಣ್ಣಬಣ್ಣದ ನೋಟ್ಸು ತರಗತಿಯಲ್ಲಿ ಇನ್ನೊಂದಿರಲಿಲ್ಲ. ಪಾಠ ಕೇಳುತ್ತಲೇ ಶೀರ್ಷಿಕೆಗೆ ನೇರಳೆ, ಉಪಶೀರ್ಷಿಕೆಗೆ ಗುಲಾಬಿ, ಮುಖ್ಯವೆನಿಸಿದ ಸಾಲಿಗೆಲ್ಲ ಹಳದಿ ಹೈಲೈಟರ್ ಎಂದು ಬಳಿದುಕೊಂಡು ಹೋಗುತ್ತಿದ್ದೆ. ಪರೀಕ್ಷೆಯ ಹಿಂದಿನ ರಾತ್ರಿ ಹೊಯ್ಸಳರ ಅಧ್ಯಾಯ ತೆರೆದರೆ ಪುಟದ ಮುಕ್ಕಾಲು ಪಾಲು ಹಳದಿಯಾಗಿತ್ತು. ಯಾವುದನ್ನು ಮೊದಲು ಓದಬೇಕೆಂದು ತಿಳಿಯದೆ, ಕೊನೆಗೆ ಪಠ್ಯಪುಸ್ತಕವನ್ನೇ ಹಿಡಿದು ಕೂರಬೇಕಾಯಿತು.

ತಪ್ಪು ಬಣ್ಣದ್ದಲ್ಲ, ಬಳಿದ ಕೈಯದು. ಒಂದೇ ಬಗೆಯ ಅನೇಕ ಸಂಗತಿಗಳ ನಡುವೆ ಬೇರೆಯಾಗಿ ಕಾಣುವ ಒಂದು ಸಂಗತಿ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹೆಡ್ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲಿಯೇ ತೋರಿಸಿದ್ದರು. ಎಲ್ಲವೂ ಬೇರೆಯಾಗಿ ಕಂಡರೆ ಯಾವುದೂ ಬೇರೆಯಲ್ಲ. ಅಮೆರಿಕದ ಮನೋವಿಜ್ಞಾನಿ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಓದಿನ ಹತ್ತು ವಿಧಾನಗಳನ್ನು ತೂಗಿ ನೋಡಿದಾಗ ಸಾಲಿನ ಕೆಳಗೆ ಗೆರೆ ಎಳೆಯುವುದೂ ಹೈಲೈಟ್ ಮಾಡುವುದೂ ಕಡಿಮೆ ಉಪಯೋಗದ ಸಾಲಿಗೆ ಸೇರಿದವು. ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವುದು ಮೇಲಿನ ಸಾಲಿನಲ್ಲಿ ನಿಂತಿತು. ಹಾಗಾಗಿ ಬಣ್ಣವನ್ನು ಅಲಂಕಾರಕ್ಕಲ್ಲ, ಈ ಸ್ವಪರೀಕ್ಷೆಗೆ ದುಡಿಸಿಕೊಳ್ಳಬೇಕು.

ತರಗತಿಯಲ್ಲಿ ಒಂದೇ ಪೆನ್ನು ಹಿಡಿಯಿರಿ, ನೀಲಿಯಾದರೂ ಸರಿ, ಕಪ್ಪಾದರೂ ಸರಿ. ಪೆನ್ನು ಬದಲಿಸುವಷ್ಟರಲ್ಲಿ ಮೇಷ್ಟ್ರ ಒಂದು ವಾಕ್ಯ ಕೈತಪ್ಪಿರುತ್ತದೆ; ಅಲ್ಲದೆ, ಪಾಠ ಮುಗಿಯುವ ಮೊದಲೇ ಅದರಲ್ಲಿ ಯಾವುದು ಮುಖ್ಯವೆಂದು ತೀರ್ಮಾನಿಸಲು ಯಾರಿಂದಲೂ ಆಗದು. ಎಡಗಡೆ ಮೂರು ಬೆರಳು ಅಗಲದ ಅಂಚನ್ನು ಖಾಲಿ ಬಿಡಿ. ಅದೇ ಸಂಜೆ ಟಿಪ್ಪಣಿಯನ್ನು ಎರಡನೆಯ ಸಲ ಓದುವಾಗ ಬಣ್ಣದ ಪೆನ್ನು ತೆರೆಯಿರಿ.

ನನ್ನ ಲೆಕ್ಕದಲ್ಲಿ ಮೂರು ಬಣ್ಣ ಸಾಕು. ಮೂಲ ಬರಹದ ನೀಲಿ ಒಂದು. ಇದ್ದದ್ದು ಇದ್ದಂತೆ ಬಾಯಿಗೆ ಬರಬೇಕಾದ ಇಸವಿ, ಹೆಸರು, ಸೂತ್ರ, ವ್ಯಾಖ್ಯೆಗಳಿಗೆ ಕೆಂಪು. ಕಾರಣ ಮತ್ತು ಪರಿಣಾಮದ ಕೊಂಡಿಗಳಿಗೆ ಹಸಿರು. ಸಂದೇಹಕ್ಕೆ ಬಣ್ಣ ಬೇಡ, ಪೆನ್ಸಿಲ್ ಸಾಕು; ಸಂದೇಹ ತೀರಿದ ಮೇಲೆ ಅಳಿಸಿಬಿಡಬಹುದಲ್ಲ.

ಅದೇ ಹೊಯ್ಸಳರ ಪುಟವನ್ನು ಈಗ ಹೀಗೆ ಮಾಡುತ್ತೇನೆ. ವಿಷ್ಣುವರ್ಧನ, ಬೇಲೂರಿನ ಚೆನ್ನಕೇಶವ ದೇವಾಲಯ, 1117, ರಾಜಧಾನಿ ದ್ವಾರಸಮುದ್ರ ಎಂಬ ನಾಲ್ಕೇ ಸಂಗತಿಗಳನ್ನು ಕೆಂಪಿನಲ್ಲಿ ತಿರುಗಿ ಬರೆಯುತ್ತೇನೆ. ‘ಬಳಪದ ಕಲ್ಲು ಮೆದು’ ಎಂಬ ಮಾತಿನಿಂದ ‘ಸೂಕ್ಷ್ಮ ಕೆತ್ತನೆ’ ಎಂಬಲ್ಲಿಗೆ ಒಂದು ಹಸಿರು ಬಾಣ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ: ‘ಗುಡಿಗೆ ಈಗ ಶಿಖರವೇಕಿಲ್ಲ?’ ಉಳಿದ ಹದಿನೈದು ಸಾಲು ನೀಲಿಯಾಗಿಯೇ ಇರುತ್ತವೆ. ಪುಟಕ್ಕೆ ಐದಾರು ಕೆಂಪು ಗುರುತು ದಾಟಿದರೆ ನಾನು ಅನುಮಾನಪಡುತ್ತೇನೆ.

ಕೆಲವು ವಿಷಯಗಳಲ್ಲಿ ಬಣ್ಣಕ್ಕೆ ಆಗಲೇ ಅರ್ಥವಿರುತ್ತದೆ. ಅಲ್ಲಿ ನಮ್ಮ ಜಾಣತನ ಬೇಡ. ಭೂಗೋಳದ ಸ್ಥಳಾಕೃತಿ ನಕ್ಷೆಯಲ್ಲಿ ನೀರಿಗೆ ನೀಲಿ, ಕಾಡಿಗೆ ಹಸಿರು, ಸಾಗುವಳಿ ಭೂಮಿಗೆ ಹಳದಿ, ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳಿಗೆ ಕಂದು ಬಣ್ಣ ಬಳಕೆಯಲ್ಲಿದೆ. ಮುಳ್ಳಯ್ಯನಗಿರಿಯ ಏರನ್ನು ಬರೆಯುವಾಗ ಕಂದು ಪೆನ್ಸಿಲನ್ನೇ ಹಿಡಿಯಿರಿ. ಜೀವಶಾಸ್ತ್ರದ ಚಿತ್ರಗಳಲ್ಲಿ ಆಮ್ಲಜನಕಯುಕ್ತ ರಕ್ತಕ್ಕೆ ಕೆಂಪು, ಉಳಿದದ್ದಕ್ಕೆ ನೀಲಿ. ಅಪಧಮನಿ ಎಂದರೆ ಕೆಂಪು ಎಂದು ಕಣ್ಣುಮುಚ್ಚಿ ಬಳಿದವರು ಶ್ವಾಸಕೋಶದ ಅಪಧಮನಿಯಲ್ಲಿ ಎಡವುತ್ತಾರೆ, ಏಕೆಂದರೆ ಅದು ಒಯ್ಯುವುದು ಆಮ್ಲಜನಕ ಕಡಿಮೆಯಾದ ರಕ್ತವನ್ನು.

ಇನ್ನು ನನಗೆ ಅತ್ಯಂತ ಪ್ರಿಯವಾದ ಉಪಾಯ. ಸ್ಟೇಷನರಿ ಅಂಗಡಿಯಲ್ಲಿ ಗಣಪತಿ ಮಂಟಪದ ಅಲಂಕಾರಕ್ಕೆಂದು ಮಾರುವ ಕೆಂಪು ಜಿಲೇಟಿನ್ ಹಾಳೆಯನ್ನು ತಂದು, ಎರಡು ಪದರವಾಗಿ ಮಡಚಿ ಟಿಪ್ಪಣಿಯ ಮೇಲಿಡಿ. ಈ ಹಾಳೆ ಕೆಂಪು ಬೆಳಕನ್ನು ಮಾತ್ರ ಹೆಚ್ಚಾಗಿ ದಾಟಿಸುವುದರಿಂದ ಬಿಳಿ ಕಾಗದವೂ ಕೆಂಪಾಗಿ ಕಾಣುತ್ತದೆ, ಕೆಂಪು ಅಕ್ಷರವೂ ಅದೇ ಕೆಂಪಿನಲ್ಲಿ ಕರಗುತ್ತದೆ. ನೀಲಿ, ಕಪ್ಪು ಅಕ್ಷರಗಳು ಮಾತ್ರ ಕಪ್ಪಾಗಿ ಉಳಿಯುತ್ತವೆ. ಅಂದರೆ ‘ಚೆನ್ನಕೇಶವ ದೇವಾಲಯ ಕಟ್ಟಿದ್ದು’ ಎಂಬ ನೀಲಿ ಸಾಲು ಉಳಿದು, ಮುಂದಿನ ಇಸವಿ ಮಾಯವಾಗುತ್ತದೆ. ಉತ್ತರವನ್ನು ಬಾಯಲ್ಲಿ ಹೇಳಿ, ಹಾಳೆ ಎತ್ತಿ, ಸರಿಯೇ ಎಂದು ನೋಡಿ. ದಟ್ಟ ಕೆಂಪಿನ ಬಾಲ್‌ಪೆನ್ನು ಪೂರ್ತಿ ಮರೆಯಾಗದೆ ನೆರಳಿನಂತೆ ಉಳಿಯುವುದುಂಟು. ಆಗ ಕಿತ್ತಳೆ ಅಥವಾ ಗುಲಾಬಿ ಶಾಯಿ ಹೆಚ್ಚು ಚೆನ್ನಾಗಿ ಅಡಗುತ್ತದೆ. ಪೆನ್ನು ಕೊಳ್ಳುವಾಗ ಹಾಳೆಯ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅಂಗಡಿಯಲ್ಲೇ ಒಂದು ಗೆರೆ ಎಳೆದು ನೋಡಿದರೆ ದುಡ್ಡು ಉಳಿಯುತ್ತದೆ.

ಸಲಕರಣೆಯ ವಿಚಾರದಲ್ಲಿ ಮಲೆನಾಡಿನವರಿಗೆ ಒಂದು ಎಚ್ಚರಿಕೆ. ಮೂಡಿಗೆರೆ, ಸಕಲೇಶಪುರದ ಕಡೆ ಆಷಾಢದ ಮಳೆಯಲ್ಲಿ ಕಾಗದ ಸದಾ ತೇವ ಹೀರಿಕೊಂಡು ಮೆತ್ತಗಿರುತ್ತದೆ. ನೀರಿನಲ್ಲಿ ಕರಗುವ ಜೆಲ್ ಶಾಯಿ ಅಂಥ ಹಾಳೆಯಲ್ಲಿ ಹರಡಿ, ಹಿಂಬದಿಯ ಪುಟಕ್ಕೂ ಇಳಿಯುತ್ತದೆ. ಬಸ್ಸಿನಿಂದಿಳಿದು ತೋಟದ ದಾರಿಯಲ್ಲಿ ನಡೆದು ಮನೆ ಸೇರುವವರಿಗೆ ಬಾಲ್‌ಪೆನ್ನು ಮತ್ತು ಬಣ್ಣದ ಪೆನ್ಸಿಲ್ ಎರಡೇ ನಂಬಿಕೆಯ ಸಲಕರಣೆಗಳು. ಕರೆಂಟು ಹೋಗಿ ದೀಪದ ಹಳದಿ ಬೆಳಕಿನಲ್ಲಿ ಓದಬೇಕಾದಾಗ ಹಳದಿ ಹೈಲೈಟರ್ ಕಾಣುವುದೇ ಇಲ್ಲ. ಕಪ್ಪುಬಿಳುಪು ಜೆರಾಕ್ಸಿನಲ್ಲೂ ಅದು ಬಹುತೇಕ ಅಳಿಸಿಹೋಗುತ್ತದೆ. ನೋಟ್ಸು ಹಂಚಿಕೊಳ್ಳುವವರು ಕೆಂಪಿನ ಕೆಳಗೆ ಗೆರೆ, ಹಸಿರಿಗೆ ಬಾಣ ಎಂದು ಬಣ್ಣದ ಜೊತೆಗೊಂದು ಆಕಾರವನ್ನೂ ಕೊಡಲಿ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಕಾಣದ ವಿದ್ಯಾರ್ಥಿಗಳಿಗೂ ಇದು ಬೇಕು. ಈ ಬಣ್ಣಗುರುಡು ಹುಡುಗಿಯರಿಗಿಂತ ಹುಡುಗರಲ್ಲಿ ಬಹಳ ಹೆಚ್ಚು, ಅದು ತಮಗಿದೆ ಎಂಬುದೇ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ.

ಹೈಲೈಟರನ್ನು ಎಸೆಯಬೇಕಿಲ್ಲ, ಪರೀಕ್ಷೆಗೆ ಒಂದು ವಾರ ಉಳಿಯುವವರೆಗೆ ಅದರ ಮುಚ್ಚಳ ತೆಗೆಯದಿದ್ದರೆ ಆಯಿತು. ಆ ವಾರ ಜಿಲೇಟಿನ್ ಹಾಳೆ ಇಟ್ಟು ಓದುವಾಗ ಎರಡು ಸಲ ತಪ್ಪಿದ ಉತ್ತರಕ್ಕೆ ಮಾತ್ರ ಅದನ್ನು ಹಚ್ಚಿ, ಪರೀಕ್ಷೆಯ ಬೆಳಿಗ್ಗೆ ಆ ಸಾಲುಗಳನ್ನಷ್ಟೇ ಓದಿಕೊಂಡು ಹೊರಡಿ. ಕೆಂಪು ಪೆನ್ನು ಮಾತ್ರ ಮನೆಯಲ್ಲೇ ಇರಲಿ. ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿ ಮೌಲ್ಯಮಾಪಕರದ್ದು.