ಉದುರಿದ ಡಾಂಕಿ ಟೇಲ್ ಎಲೆಗಳನ್ನು ಬಿಸಾಡಬೇಡಿ

ನರ್ಸರಿಯಿಂದ ಡಾಂಕಿ ಟೇಲ್ (ಬಾಲದಂತೆ ಜೋತುಬೀಳುವ, ದಪ್ಪ ಎಲೆಯ ಗಿಡ) ತರುವಾಗಲೇ ಅರ್ಧ ಎಲೆ ಬ್ಯಾಗಿನ ತಳದಲ್ಲಿರುತ್ತದೆ, ಅಲ್ವಾ? ಈ ಗಿಡವೇ ಹಾಗೆ, ಮುಟ್ಟಿದರೆ ಉದುರುತ್ತದೆ. ಬೇಜಾರಾಗಬೇಡಿ. ಆ ಎಲೆಗಳಿಂದಲೇ ಹೊಸ ಗಿಡ ಬರುತ್ತದೆ.

ಗಾಯವಿಲ್ಲದ ಇಡೀ ಎಲೆಗಳನ್ನು ಆರಿಸಿ, ಎರಡು ಮೂರು ದಿನ ನೆರಳಲ್ಲಿ ಪೇಪರ್ ಮೇಲೆ ಬಿಡಿ, ಕಿತ್ತ ತುದಿ ಒಣಗಿ ಗಟ್ಟಿಯಾಗಬೇಕು. ಆಮೇಲೆ ಮಣ್ಣಿನ ಮೇಲೆ ಸುಮ್ನೆ ಹರಡಿ, ಹೂಳಬೇಡಿ. ಕೆಲವು ವಾರಗಳಲ್ಲಿ ಗುಲಾಬಿ ದಾರದಂಥ ಬೇರು, ಅದರ ಪಕ್ಕ ಅಕ್ಕಿಕಾಳಿನಷ್ಟು ಹಸಿರು ಚಿಗುರು ಕಾಣುತ್ತದೆ. ಆಗಿನಿಂದ ಸ್ಪ್ರೇಯಲ್ಲಿ ಸ್ವಲ್ಪ ಸ್ವಲ್ಪ ನೀರು. ಹಳೇ ಎಲೆ ತಾನಾಗಿ ಸುಕ್ಕಾಗಿ ಒಣಗುವವರೆಗೆ ಕೀಳಬೇಡಿ, ಮರಿಗೆ ಊಟ ಅದರಿಂದಲೇ.

ಬೇಗ ತುಂಬಿದ ಕುಂಡ ಬೇಕಿದ್ದರೆ 3–4 ಇಂಚಿನ ಕಡ್ಡಿ ಕತ್ತರಿಸಿ, ಕೆಳಗಿನ ಒಂದಿಂಚು ಎಲೆ ತೆಗೆದು, ಒಣಗಿಸಿ ನೆಡಿ. ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಸೇರಿಸಿ, ಬರೀ ಕೆಂಪು ಮಣ್ಣು ಹಾಕಿದರೆ ನೀರು ನಿಂತು ಬೇರು ಕೊಳೆಯುತ್ತದೆ.

ಇದು ಮೆಕ್ಸಿಕೋದ ಗಿಡ, ನಮ್ಮ ಜೂನ್ ಮಳೆ ಇದಕ್ಕೆ ಆಗಿಬರುವುದಿಲ್ಲ, ಅದರಲ್ಲೂ ಮಲೆನಾಡು, ಕರಾವಳಿಯವರು ಸೂರಿನಡಿಗೇ ತೂಗುಹಾಕಿ. ಬೆಳಗಿನ ಬಿಸಿಲು ಸಾಕು. ಎಲೆ ಮೇಲಿನ ಬಿಳಿ ಪುಡಿ ಧೂಳಲ್ಲ, ಒರೆಸಬೇಡಿ. ಆದರೆ ಎಲೆ ಸಂದಿಯಲ್ಲಿ ಹತ್ತಿಯಂಥ ಉಂಡೆ ಕಂಡರೆ ಅದು ಹಿಟ್ಟುತಿಗಣೆ ಅನ್ನೋ ಕೀಟ, ಸ್ಪಿರಿಟ್‌ನಲ್ಲಿ ಅದ್ದಿದ ಇಯರ್‌ಬಡ್‌ನಿಂದ ತೆಗೆಯಿರಿ.